ಪಕ್ಕದ ಗೇಟಿನ ಚೀಲ

ಜಪಾನಿನ ಸೆಂಡಾಯ್ ನಗರದ ಹೊರವಲಯದ ಆ ಬಾಡಿಗೆ ಮನೆಗೆ ಎದುರಿಗೇ ಪಾರ್ಕು, ಐದು ನಿಮಿಷ ನಡೆದರೆ ಲೈಬ್ರರಿ, ಬೀದಿಯುದ್ದಕ್ಕೂ ಮರಗಳ ನೆರಳು. ಸತ್ಯವತಿಯ ಕುತೂಹಲವೆಲ್ಲ ಪಕ್ಕದ ಮನೆಯ ಮೇಲಿತ್ತು. ಮೂರು ತಿಂಗಳಾದರೂ ಸುಗಾವಾರಾ ಸಾನ್ ಎಂಬ ಮುದುಕರ ಕಿಟಕಿಯ ಪರದೆ ಒಮ್ಮೆಯೂ ಸರಿದಿರಲಿಲ್ಲ.

ಬೀದಿಯ ನೋಟೀಸುಗಳನ್ನು ಚೀಲಕ್ಕೆ ಹಾಕಿ ಮನೆಮನೆಗೆ ಕಳಿಸುತ್ತಿದ್ದವರು ಅವರೇ. ಓದಿದವರು ಗುರುತು ಹಾಕಿ ಮುಂದಿನ ಮನೆಯ ಗೇಟಿಗೆ ತಗುಲಿಸಿದರಾಯಿತು, ಯಾರೂ ಯಾರ ಬಾಗಿಲೂ ತಟ್ಟಬೇಕಿಲ್ಲ. ಕೊನೆಯ ಮನೆ ಸತ್ಯವತಿಯದು. ಅಲ್ಲಿಂದ ಚೀಲ ಮರಳಿ ಸುಗಾವಾರಾ ಅವರ ಗೇಟಿಗೆ.

"ಬರೀ ಚೀಲ ಹೇಗ್ರೀ ವಾಪಸ್ ಕೊಡೋದು?"

"ಇಲ್ಲಿ ಹಾಗೆಲ್ಲ ಮಾಡಲ್ಲ ಕಣೇ," ಎಂದ ಗಂಡ ಗುರುರಾಜ. ಅವಳು ಕೇಳಬೇಕಲ್ಲ! ಒಂದು ಪೊಟ್ಟಣ ಕೋಡುಬಳೆ ಒಳಗಿಟ್ಟೇಬಿಟ್ಟಳು.

ಮುಂದಿನ ತಿಂಗಳು ಚೀಲ ಬಂದಾಗ ಗುರುರಾಜ ಮೊದಲ ಹಾಳೆ ಓದಿ ಹಣೆ ಚಚ್ಚಿಕೊಂಡ. "ಚೀಲದಲ್ಲಿ ತಿಂಡಿ ಇಡಬಾರದಂತೆ. ಸುಗಾವಾರಾ ಸಾನ್ ಬರೆದಿದಾರೆ. ಇಡೀ ಬೀದಿ ಓದಾಯ್ತು!"

ಸತ್ಯವತಿಯ ಮುಖ ಸಪ್ಪಗಾಯಿತು. "ಕೆಳಗೆ ಇನ್ನೂ ಏನೋ ಇದೆಯಲ್ರೀ?"

ಗುರುರಾಜ ಕನ್ನಡಕ ಸರಿಮಾಡಿಕೊಂಡ.

"ಮುರಿದುಹೋಗುತ್ತೆ, ಅದಕ್ಕೆ. ಬೆಲ್ ಒತ್ತಿ, ಕೈಗೇ ಕೊಡಿ, ಅಂತಿದೆ."