‘ಮೂರನೇ ಪಾಳಿ’ಯ ಕೊನೆಯ ಹಾಡು

ಮುತ್ತು ತಂದುಕೊಟ್ಟ ಸಿ.ಡಿ.ಯನ್ನು ಮಹಾನಂದಾ ಎರಡು ದಿನ ಟಿ.ವಿ.ಯ ಪಕ್ಕದಲ್ಲಿಟ್ಟು ಸುಮ್ಮನಿದ್ದಳು. ಮೂರನೆಯ ದಿನ ಭಾನುವಾರ. ಅಡುಗೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು, ಆದದ್ದಾಗಲಿ ಎಂದು ಹಾಕಿಯೇಬಿಟ್ಟಳು.

ಆಲ್ಬಮ್ಮಿನ ಹೆಸರು ‘ಮೂರನೇ ಪಾಳಿ’. ಇಪ್ಪತ್ತೈದು ವರ್ಷಗಳ ಹಿಂದೆ, ವೈಟ್‌ಫೀಲ್ಡ್ ದಾರಿಯಲ್ಲಿದ್ದ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನವರು ನಾಲ್ಕು ಜನ ಸೇರಿ ‘ಸೈರನ್’ ಎಂಬ ರಾಕ್ ಬ್ಯಾಂಡ್ ಕಟ್ಟಿದ್ದರು. ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಶ್ಯಾಮಣ್ಣನದು ಗಿಟಾರು. ಟೆಲಿಫೋನ್ ಬೋರ್ಡಿನಲ್ಲಿ ಕೂರುತ್ತಿದ್ದ ಮಹಾನಂದಾಳದು ಹಾಡು. ಕ್ಯಾಸೆಟ್ಟು ಬಂತು, ಕ್ವಾರ್ಟರ್ಸಿನ ಗೇಟು ದಾಟುವಷ್ಟರಲ್ಲಿ ಅದರ ಕಥೆ ಮುಗಿಯಿತು. ಈಗ 2013ರಲ್ಲಿ, ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಮುತ್ತು ಎಂಬ ಯುವಕ ಗುಜರಿಯಲ್ಲಿ ಅದರ ಒಂದು ಪ್ರತಿ ಕಂಡು ಹುಚ್ಚು ಹಿಡಿಸಿಕೊಂಡ. ಶ್ಯಾಮಣ್ಣನ ಅಟ್ಟದಿಂದ ಮೂಲ ಟೇಪು ಇಳಿಸಿ, ಚೊಕ್ಕಟ ಮಾಡಿಸಿ, ಮತ್ತೆ ಹೊರತಂದ. ಹಾಡುಗಳು ಇಂಟರ್‌ನೆಟ್ಟಿಗೂ ಏರಿ ಊರೂರು ಸುತ್ತಿದವು.

“ಗಿಟಾರ್ ನೋಡಿದ್ರೆ ಗರಗಸ ಎಳ್ದಂಗೆ, ಆದ್ರೆ ಹಾಡು ಮಾತ್ರ ಬಾಯಲ್ಲಿ ಕೂತ್ಬಿಡುತ್ತೆ ಆಂಟಿ,” ಎಂದಿದ್ದ ಮುತ್ತು. “ಆ ಕೊನೇ ಹಾಡು ಇದೆಯಲ್ಲ, ‘ಕಿಟಕಿ’, ಅದನ್ನ ದಿನಾ ಕ್ಯಾಬಲ್ಲಿ ಕೇಳ್ತೀನಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕೂ ಸಹಿಸ್ಕೋಬಹುದು. ದನಿ ಎತ್ತಿ ಆ ಮೇಲ್ಗಡೆ ಹೋಗ್ತೀರಲ್ಲ ನೀವು, ಎಲ್ರೂ ಅದಕ್ಕೇ ಸಾಯ್ತಿರೋದು.”

ಆ ಮೇಲ್ಗಡೆಯ ಮಾತೇ ಮಹಾನಂದಾಳಿಗೆ ಬೇಡವಾಗಿತ್ತು. ಅಲ್ಲಿಗೆ ಅವಳು ಒಂದೇ ಒಂದು ಸಲ ಹೋಗಿದ್ದಳು, ರೆಕಾರ್ಡಿಂಗ್ ದಿನ. ಆಮೇಲೆ ತಲೆಕೆಳಗಾಗಿ ನಿಂತರೂ ಆ ದನಿ ಹತ್ತಲಿಲ್ಲ. ಕ್ವಾರ್ಟರ್ಸಿನ ಗಣಪತಿ ಪೆಂಡಾಲಿನಲ್ಲಿ ‘ಕಿಟಕಿ’ ಹಾಡುವಾಗ ಗಂಟಲು ಒಡೆದು ಹೋಯಿತು. ಜನ ‘ಹೋ’ ಎಂದು ಕೂಗಿದರು. ಮತ್ತೆರಡು ಕಡೆ ಹಟ ಹಿಡಿದು ಹಾಡಿದಳು. ಕೊನೆಗೆ ಡಾಕ್ಟರು, ಗಂಟಲಲ್ಲಿ ಗಂಟಾಗಿದೆ, ಇನ್ನು ಹಾಡಬೇಡಿ ಎಂದರು. ದೇವರು ಒಂದು ಮಧ್ಯಾಹ್ನಕ್ಕೆ ಮಾತ್ರ ಕೊಟ್ಟಿದ್ದ ದನಿ ಅದು, ಉಳಿಸಿಕೊಳ್ಳುವ ಯೋಗ್ಯತೆ ತನಗಿರಲಿಲ್ಲ ಎಂದು ಅಂದುಕೊಂಡೇ ಇಷ್ಟು ವರ್ಷ ಬಾಳಿದ್ದಳು.

ಸಿ.ಡಿ. ಓಡಿತು. ಚೆನ್ನಾಗಿಯೇ ಇತ್ತು. ಹಳೇ ಕ್ಯಾಸೆಟ್ಟಿನ ಗೊರಗೊರ ಹೋಗಿ, ಡ್ರಮ್ಮಿನ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಗಿಟಾರು ಹಲ್ಲು ಕಡಿಯುತ್ತಿದ್ದರೂ ಅದರ ಹಿಂದೆ ರಾಗ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ತನಗೆ ತಿಳಿಯದೆಯೇ ಮಹಾನಂದಾ ಕಾಲು ಕುಣಿಸಿದಳು. ಕೊನೆಯ ಹಾಡಿಗೆ ಮೊದಲು, ಮುತ್ತು ಮೂಲ ಟೇಪಿನಿಂದ ಹೊಸದಾಗಿ ಸೇರಿಸಿದ್ದ ಅರ್ಧ ನಿಮಿಷದ ಮಾತುಕತೆ ಬಂತು. ಯಾರೋ ನಕ್ಕರು, ಯಾರೋ ಕೆಮ್ಮಿದರು. ಆಮೇಲೆ ಒಂದು ದನಿ, “ಬೇಗ ಮುಗಿಸ್ರಪ್ಪಾ, ಇಂಗಾದ್ರೆ ನಂ ಗಾಡಿ ಸ್ಟಾರ್ಟಾಗಕಿಲ್ಲ!” ಎಂದಿತು.

ಮೀಸೆ ಮೂಡದ ಹುಡುಗನ ಗಂಟಲು. ಆದರೆ ಮಾತು ವರ್ತೂರಿನ ಲಾರಿ ಚಿಕ್ಕಮುನಿಯಪ್ಪನದು. ಆ ಮನುಷ್ಯ ಕೆರೆ ಏರಿಯ ಈ ತುದಿಯಲ್ಲಿ ನಿಂತು ಕರೆದರೆ ಆ ತುದಿಯ ಎಮ್ಮೆ ತಲೆ ಎತ್ತುತ್ತಿತ್ತು, ಅಂಥ ಗಡಸು ದನಿ.

ಮಹಾನಂದಾ ಅದನ್ನೇ ನಾಲ್ಕು ಸಲ ಹಾಕಿ ಕೇಳಿದಳು. ಆ ದಿನ ಮಧ್ಯಾಹ್ನ ಕರೆಂಟು ಹೋಗಿತ್ತು. ಉಳಿದಿದ್ದ ಒಂದು ಹಾಡಿಗಾಗಿ ಚಿಕ್ಕಮುನಿಯಪ್ಪನ ಲಾರಿಯ ಬ್ಯಾಟರಿಗೆ ವೈರು ಎಳೆದು ರೆಕಾರ್ಡರು ಓಡಿಸಿದ್ದರು. ಬ್ಯಾಟರಿ ಇಳಿಯುತ್ತಾ ಹೋದಂತೆ ಟೇಪು ನಿಧಾನವಾಗಿ ಓಡಿದೆ. ನಿಧಾನದಲ್ಲಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲವೂ ಬೇಗ ಬೇಗ ಓಡುತ್ತದೆ, ಎಲ್ಲರ ದನಿಯೂ ಮೇಲೇರುತ್ತದೆ. ಹಾಗಾದರೆ ಆ ಎತ್ತರಕ್ಕೆ ಅವಳು ಒಂದು ಸಲವೂ ಹೋಗಿರಲಿಲ್ಲ.

ಮುತ್ತುವಿಗೆ ಫೋನು ಮಾಡಿದಳು.

“ಆಂಟಿ, ಆಗ ಎಲ್ರೂ ಯಂಗ್ ಅಲ್ವಾ? ವಾಯ್ಸ್ ತೆಳ್ಳಗೇ ಇರುತ್ತೆ.”

“ಚಿಕ್ಕಮುನಿಯಪ್ಪಂಗೆ ಆಗ್ಲೇ ಐವತ್ತೈದಾಗಿತ್ತಪ್ಪ.”

“ಸಿ.ಡಿ. ಮಾಡೋವಾಗ ಶ್ಯಾಮ್ ಸಾರ್‌ನ ಕೇಳ್ದೆ. ಸ್ಪೀಡ್ ಕರೆಕ್ಟಾಗೇ ಇದೆ, ಮುಟ್ಬೇಡ ಅಂದ್ರು. ಶನಿವಾರ ಸಿ.ಡಿ. ಪ್ರೋಗ್ರಾಮಲ್ಲಿ ಹಾಡೋದಕ್ಕೆ ಟೆನ್ಶನ್ ಮಾಡ್ಕೋಬೇಡಿ ಆಂಟಿ. ಮೇಲೆ ಹೋಗ್ದಿದ್ರೂ ಪರ್ವಾಗಿಲ್ಲ, ವಯಸ್ಸಾಗಿದೆ ಅಂತ ಎಲ್ರಿಗೂ ಗೊತ್ತಲ್ಲ.”

ಅವನ ಒಳ್ಳೆಯತನವೇ ಅವಳ ಮೈ ಉರಿಸಿತು. ಆಟೋ ಹಿಡಿದು ನೇರ ಬ್ರೂಕ್‌ಫೀಲ್ಡಿಗೆ ಹೋದಳು. ಶ್ಯಾಮಣ್ಣ ಬಾಲ್ಕನಿಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದ. ಮೈಮೇಲೆ ‘ಮೂರನೇ ಪಾಳಿ’ ಎಂದು ಅಚ್ಚಾದ ಹೊಸ ಟೀ ಶರ್ಟು.

“ಬಾ ನಂದಾ! ನೋಡಿದ್ಯಾ ಇದನ್ನ? ರಿಟೈರಾದ್ಮೇಲೆ ಹೀರೋ ಆಗ್ಬಿಟ್ಟೆ.”

“ಟೇಪು ನಿಧಾನ ಓಡಿದ್ದು ನಿಮಗೆ ಗೊತ್ತಿತ್ತಾ ಶ್ಯಾಮಣ್ಣ?”

ಅವನು ಚೆಂಬು ಕೆಳಗಿಟ್ಟ. ಒಳಗೆ ಹೋಗಿ ಕಾಫಿ ತಂದ. “ಕುಡಿ, ಆರುತ್ತೆ.”

“ಗೊತ್ತಿತ್ತಾ ಅಂದೆ.”

“ಗೊತ್ತಿತ್ತು,” ಎಂದ ಶ್ಯಾಮಣ್ಣ. “ಮಾರನೇ ದಿನ ಕರೆಂಟ್ ಬಂದ್ಮೇಲೆ ಹಾಕಿ ನೋಡ್ದೆ. ಎದೆ ಧಸಕ್ ಅಂತು. ಇನ್ನೊಂದ್ಸಲ ರೆಕಾರ್ಡ್ ಮಾಡೋಣ ಅಂತ್ಲೇ ಇದ್ದೆ. ಕೇಳ್ತಾ ಕೇಳ್ತಾ… ಬೇಜಾರು ಮಾಡ್ಕೋಬೇಡ ಕಣಮ್ಮ, ಅದು ನಿನ್ನ ದನಿಗಿಂತ ಚೆನ್ನಾಗಿತ್ತು. ನನ್ನ ಬೆರಳೂ ಅಷ್ಟು ಜೋರಾಗಿ ಯಾವತ್ತೂ ಓಡಿಲ್ಲ.”

“ಪೆಂಡಾಲಿನಲ್ಲಿ ‘ಇನ್ನೂ ಮೇಲೆ, ಇನ್ನೂ ಮೇಲೆ, ಕ್ಯಾಸೆಟ್ಟಲ್ಲಿ ಹೋಗಿದ್ದೀಯಲ್ಲ’ ಅಂತ ಕಿವೀಲಿ ಹೇಳ್ತಿದ್ರಲ್ಲ. ಆಗ್ಲೂ ಗೊತ್ತಿತ್ತು.”

ಶ್ಯಾಮಣ್ಣ ರಸ್ತೆಯ ಕಡೆ ನೋಡಿದ. “ಹತ್ತುತ್ತೇನೋ ಅಂದ್ಕೊಂಡೆ. ಎಲ್ಲಾ ಅದನ್ನೇ ಕೇಳ್ತಿದ್ರು. ನಿಜ ಹೇಳಿದ್ರೆ ಬ್ಯಾಂಡ್ ಉಳೀತಿತ್ತಾ?”

“ಹೇಳ್ದೇನೂ ಉಳೀಲಿಲ್ಲ. ನನ್ನ ಗಂಟ್ಲೂ ಉಳೀಲಿಲ್ಲ.”

ಕೂಗಾಡಬೇಕೆಂದೇ ಬಂದಿದ್ದಳು. ಆದರೆ ಟೆಲಿಫೋನ್ ಬೋರ್ಡಿನಲ್ಲಿ ಸವೆಸಿದ ವರ್ಷಗಳು ಅವಳಿಗೆ ಕೂಗಾಡುವುದನ್ನು ಮರೆಸಿದ್ದವು. ಲೋಟ ಮುಟ್ಟದೆ ಎದ್ದಳು. “ಶನಿವಾರ ಎಲ್ಲರೆದುರಿಗೆ ನೀವೇ ಹೇಳ್ಬೇಕು. ಆಮೇಲೆ ನನ್ನ ಶ್ರುತಿಗೆ ಬಾರಿಸ್ಬೇಕು. ಅಷ್ಟೇ ನಾನು ಕೇಳ್ತಿರೋದು.”

“ನೋಡೋಣ.”

ಕಾರ್ಖಾನೆಯ ಆಫೀಸರುಗಳ ಬಾಯಲ್ಲಿ ಆ ಮಾತು ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. ನೋಡೋಣ ಎಂದವರು ಯಾರೂ ನೋಡಿದ್ದಿಲ್ಲ.

ಶನಿವಾರ ಸಂಜೆ ಐದಕ್ಕೆ, ವೈಟ್‌ಫೀಲ್ಡಿನ ಒಂದು ಕಾಫಿ ಅಂಗಡಿಯ ಹಿತ್ತಲಿನಲ್ಲಿ ನೂರಾರು ಜನ ಕೂಡಿದ್ದರು. ಕೊರಳಲ್ಲಿ ಕಂಪನಿಯ ಗುರುತಿನ ಪಟ್ಟಿ, ಕೈಯಲ್ಲಿ ಫೋನು. ಆ ಕ್ಯಾಸೆಟ್ಟು ಬಂದಾಗ ಅವರಲ್ಲಿ ಅರ್ಧ ಜನ ಹುಟ್ಟಿಯೇ ಇರಲಿಲ್ಲ. ಆದರೂ ಒಂದೊಂದು ಸಾಲೂ ಬಾಯಿಪಾಠ. ಅದನ್ನು ನೋಡಿ ಮಹಾನಂದಾಳಿಗೆ ಕಣ್ಣು ತುಂಬಿದ್ದೂ ನಿಜ, ಹಲ್ಲು ಕಚ್ಚಿಕೊಂಡದ್ದೂ ನಿಜ.

ಶ್ಯಾಮಣ್ಣ ಮೈಕು ಹಿಡಿದು ಲಾರಿ ಬ್ಯಾಟರಿಯ ಕಥೆಯನ್ನು ರಸವತ್ತಾಗಿ ಹೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವಳು ಕಾದಳು. “ಆಗ ನಮಗಿದ್ದಿದ್ದು ಧೈರ್ಯ ಒಂದೇ,” ಎಂದು ಮುಗಿಸಿ ಅವನು ಮೈಕು ಕೊಟ್ಟುಬಿಟ್ಟ.

ಅವಳೇ ಹೇಳಿದಳು. “ನೋಡಿ, ಆ ಟೇಪಲ್ಲಿ ಇರೋ ಶ್ರುತಿ ನಂದಲ್ಲ. ಅದು ಮಿಷನ್ ತಪ್ಪು.”

“ಅಯ್ಯೋ, ಎಷ್ಟು ಹಂಬಲ್ ಆಂಟಿ ನೀವು!” ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು. ಚಪ್ಪಾಳೆ ಬಿತ್ತು.

ಶ್ಯಾಮಣ್ಣ ಗಿಟಾರಿನ ಕತ್ತಿಗೆ ಒಂದು ಕ್ಲಿಪ್ಪು ಬಿಗಿದ. ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು ಅದು. ಬಾರಿಸತೊಡಗಿದ. ಅದೇ ಎತ್ತರ. ಮಹಾನಂದಾ ಬಾಯಿ ತೆರೆಯಲಿಲ್ಲ. ಅವನು ಮತ್ತೆ ಮೊದಲಿನಿಂದ ಬಾರಿಸಿದ. ಅವಳು ಸುಮ್ಮನೆ ನಿಂತೇ ಇದ್ದಳು. ಮರೆತಿರಬೇಕೆಂದು ಜನರೇ ಎತ್ತಿಕೊಂಡರು: “ಕಿಟಕಿ ಮುಚ್ಚಬೇಡ, ನಾನಿನ್ನೂ ದಾರಿಯಲ್ಲಿದ್ದೀನಿ…” ಮೇಲಿನ ಸಾಲಿಗೆ ಬಂದಾಗ ಅಷ್ಟೂ ಗಂಟಲು ಒಡೆದು ಕೀಚಲಾಯಿತು. ಒಬ್ಬರನ್ನೊಬ್ಬರು ತಳ್ಳಾಡಿಕೊಂಡು ನಕ್ಕರು. ಒಡೆದ ಗಂಟಲಿಗೆ ಅಲ್ಲಿ ಯಾರೂ ‘ಹೋ’ ಎನ್ನಲಿಲ್ಲ.

ನಗು ಅಡಗುವವರೆಗೂ ಕಾದು, ಮಹಾನಂದಾ ಗಿಟಾರಿಲ್ಲದೆ ಶುರು ಮಾಡಿದಳು. ಕೆಳಗಿನ ಶ್ರುತಿ. ಆ ಮಧ್ಯಾಹ್ನ ಲಾರಿಯ ಪಕ್ಕದಲ್ಲಿ ನಿಂತು ಹಾಡಿದ ಶ್ರುತಿ, ಅದೇ ನಿಧಾನ. ದನಿ ಕೊಂಚ ಒರಟಾಗಿತ್ತು, ಆದರೆ ಎಲ್ಲೂ ತಡವರಿಸಲಿಲ್ಲ.

“ಪಾಪ, ವಾಯ್ಸ್ ಹೋಗ್ಬಿಟ್ಟಿದೆ ಮಗಾ,” ಎಂದು ಎದುರಿಗಿದ್ದವನೊಬ್ಬ ಪಕ್ಕದವನಿಗೆ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು. ಎತ್ತಿ ಹಿಡಿದಿದ್ದ ಫೋನುಗಳು ಒಂದೊಂದಾಗಿ ಇಳಿದವು. ಕೆಲವರು ಕಾಫಿಗೆ ಎದ್ದರು. ಮುತ್ತು ಪಕ್ಕದಿಂದ ಕೈ ಎತ್ತಿ, ಮೇಲೆ, ಮೇಲೆ ಎಂದು ಸನ್ನೆ ಮಾಡಿದ.

ಅವಳು ಅವನನ್ನು ನೋಡಲಿಲ್ಲ. ಶ್ಯಾಮಣ್ಣನನ್ನೇ ನೋಡುತ್ತಾ ಪಲ್ಲವಿ ಮುಗಿಸಿದಳು. ಅವನು ತಲೆ ತಗ್ಗಿಸಿದ. ಕ್ಲಿಪ್ಪು ಬಿಚ್ಚಿ ಜೇಬಿಗೆ ಹಾಕಿಕೊಂಡ. ಯಾರಿಗೂ ಏನೂ ಹೇಳಲಿಲ್ಲ. ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಅವಳ ಶ್ರುತಿ ಹಿಡಿದ.

ಮಹಾನಂದಾ ಚರಣ ಎತ್ತಿಕೊಂಡಳು.