ತಳವಿಲ್ಲದ ಗಡಿಗೆ

ನಾನೊಂದು ಗಡಿಗೆ. ತಳವಿಲ್ಲದ ಗಡಿಗೆ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಗಲು ನಾನು ಬಿಡುವುದಿಲ್ಲ.

ಕುಂಬಾರರ ಆವಿಗೆಯಿಂದ ಹೊರಬಂದಾಗ ನನಗೂ ಎಲ್ಲರಂತೆ ತಳವಿತ್ತು. ಹೊಸ ಮನೆ ಕಟ್ಟಿಸುತ್ತಿದ್ದ ಗುರಸಿದ್ಧಪ್ಪ ನನ್ನನ್ನು ಬೆರಳಿನಿಂದ ಬಾರಿಸಿ, ದನಿ ಮೆಚ್ಚಿ ಕೊಂಡ. ನೀರು ತುಂಬಿ ತಂಪು ಮೂಲೆಯಲ್ಲಿ ಕೂರಿಸುತ್ತಾನೆಂದು ಉಬ್ಬಿದ್ದೆ. ಅವನು ಮನೆಗೆ ತಂದವನೇ ಉಳಿ ಹಿಡಿದು ನನ್ನ ತಳ ಒಡೆದ! ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮೊಳದಷ್ಟು ದಪ್ಪ ಮಣ್ಣಿನ ಗೋಡೆ, ತೊಲೆಗಳ ಮೇಲೆ ಮೆತ್ತಿದ ಮಣ್ಣಿನ ಮಾಳಿಗೆ. ಅದರ ನಡುವೆ ನನ್ನನ್ನು ಬಾಯಿ ಮೇಲೆ ಮಾಡಿ ಹೂತ. ಹೀಗೆ ನಾನು ನಡುಮನೆಯ ಬೆಳಕಿಂಡಿಯಾದೆ.

ಬೇರೆ ಗಡಿಗೆಗಳು ಯಜಮಾನರನ್ನು ಕೆಳಗಿನಿಂದ ನೋಡುತ್ತವೆ. ನನಗೆ ಕಾಣುವುದು ನೆತ್ತಿ. ಗುರಸಿದ್ಧಪ್ಪನ ತಲೆ ಬೋಳಾಗುತ್ತಿದ್ದದ್ದು ಅವನಿಗಿಂತ ಮೊದಲೇ ನನಗೆ ಗೊತ್ತಾಯಿತು.

ಡೋಣಿ ನದಿಯ ಸೀಮೆಯ ಬಿಸಿಲು ಯಾರ ಮುಲಾಜನ್ನೂ ಇಟ್ಟುಕೊಳ್ಳುವುದಿಲ್ಲ. ಅದು ಏರುವ ಮೊದಲೇ ಗುರಸಿದ್ಧಪ್ಪನ ಹೆಂಡತಿ ನೀಲಗಂಗವ್ವ ಮಾಳಿಗೆ ಹತ್ತಿ ನನ್ನ ಬಾಯಿಗೆ ಚಪ್ಪಟೆ ಫರಸಿಕಲ್ಲು ಮುಚ್ಚುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಸರಿಸುತ್ತಿದ್ದಳು. ಒಳಗಿನ ಕಾವು, ಒಲೆಯ ಹೊಗೆ, ಗಂಡಹೆಂಡಿರ ಸಿಟ್ಟು ಎಲ್ಲ ನನ್ನ ಮೂಲಕ ಮುಗಿಲು ಸೇರುತ್ತಿದ್ದವು. ಆ ಮನೆಯ ತಂಪಿಗೆ ಗೋಡೆಗಳು ಅರ್ಧ ಕಾರಣ, ಉಳಿದರ್ಧ ನಾನು. ಇದರಲ್ಲಿ ನನಗೆ ಸಂಕೋಚವಿಲ್ಲ.

ಇಂಥ ನನ್ನನ್ನೇ ಒಂದು ಬೇಸಿಗೆಯಲ್ಲಿ ನೀಲಗಂಗವ್ವ ಉಸಿರುಗಟ್ಟಿಸಿದಳು. ಮಗಳು ಭುವನಾ ಚೊಚ್ಚಲ ಹೆರಿಗೆಗೆ ಬಂದು ಹೆಣ್ಣು ಕೂಸು ಹೆತ್ತಿದ್ದಳು. ಬಾಣಂತಿಗೆ ಗಾಳಿ ತಾಗಬಾರದೆಂದು ನೀಲಗಂಗವ್ವ ಬಾಗಿಲು ಹಾಕಿ, ಅವಳು ಮಲಗುವ ಹೊರಸಿನ ಕೆಳಗೆ ಕೆಂಡವಿಟ್ಟು, ನನ್ನ ಹೊಟ್ಟೆಗೆ ಹಳೆ ಸೀರೆಯ ಗಂಟು ತುರುಕಿದಳು. ಎಷ್ಟು ಸಂಜೆ ಕಳೆದರೂ ಗಂಟನ್ನೂ ಬಾಯಿಯ ಕಲ್ಲನ್ನೂ ತೆಗೆಯಲಿಲ್ಲ. ಕೂಸಿನ ಮೈತುಂಬ ಬೆವರುಗುಳ್ಳೆ ಎದ್ದವು. ಅದು ಹಾಲು ಬಿಟ್ಟು ಅಳತೊಡಗಿತು. 

“ಯವ್ವಾ, ಕೂಸಿಗೆ ಉಸರಾಡಾಕ ಆಗವಲ್ದು. ನಾಳೆ ನಾ ಗಂಡನ ಮನಿಗೆ ಹೊಕ್ಕೀನಿ,” ಎಂದಳು ಭುವನಾ.

“ಹಸಿ ಬಾಣಂತಿ ಬಿಸಲಾಗ ದಾರಿ ಹಿಡೀತಿಯೇನ? ನಿನ್ನ ಹಡದಾಗ ನಮ್ಮವ್ವ ನನಗೂ ಹಿಂಗ ಮಾಡಿದ್ಲು.”

“ನನ್ನ ನೀ ಹಡದದ್ದು ಚಳಿಗಾಲದಾಗ, ಯವ್ವಾ!”

ಲೆಕ್ಕ ತಪ್ಪಿದ್ದು ನೀಲಗಂಗವ್ವನಿಗೆ ಹೊಳೆಯಿತು. ಆದರೂ ಪಟ್ಟು ಬಿಡಲಿಲ್ಲ. ಅಂದು ಸಂಜೆ ಕೂಸಿಗೆ ನೀರೆರೆದು ಲೋಬಾನದ ಹೊಗೆ ಹಾಕಿದಳು. ಹೋಗಲು ದಾರಿಯಿಲ್ಲದೆ ಹೊಗೆ ಕೋಣೆಯಲ್ಲೇ ಸುತ್ತಿತು. ಕೂಸು ಕೆಮ್ಮಿ, ಕೆಂಪಾಗಿ, ಅಳಲೂ ಆಗದೆ ಬಾಯಿ ಬಿಟ್ಟಿತು. ಆಗ ಅವಳಿಗೆ ಬಾಣಂತನದ ಶಾಸ್ತ್ರವೆಲ್ಲ ಮರೆತುಹೋಯಿತು. ಮೂಲೆಯ ಉದ್ದ ಕೊಕ್ಕೆಯ ದೋಟಿ ಸೆಳೆದು ಸೀರೆಯ ಗಂಟನ್ನು ಎಳೆದೊಗೆದಳು, ದೋಟಿಯಿಂದಲೇ ಕಲ್ಲನ್ನೂ ನೂಕಿದಳು. ಹಿತ್ತಲ ಬಾಗಿಲನ್ನು ಗೇಣಷ್ಟು ಸರಿಸಿದಳು. ಹೊಗೆ ನೆಟ್ಟಗೆ ನನ್ನತ್ತ ಬಂತು. ನಾನು ಸಮಾ ಉಸಿರೆಳೆದುಕೊಂಡೆ.

ಹೊರಸಿನ ಬದಿಯ ದೀಪದ ಕುಡಿ ಮಾತ್ರ ಅಲುಗಲಿಲ್ಲ. ನೀಲಗಂಗವ್ವ ಅದನ್ನೇ ನೋಡುತ್ತ ನಿಂತಳು.

“ಗಾಳಿ ನಿನ್ನ ಮ್ಯಾಲೆ ಬರವಲ್ದವಾ,” ಎಂದಳು ಮೆಲ್ಲಗೆ. “ಕಾವ ಮ್ಯಾಲೆ ಹೊಂಟೈತಿ. ಹೋಗಬ್ಯಾಡ, ಇರು.”

ಕೆಂಡ ಹೊರಗೆ ಹೋಯಿತು. ಕೂಸು ಹಾಲು ಕುಡಿದು ಮಲಗಿತು. ಭುವನಾ ಬಾಣಂತನ ಮುಗಿಸಿಯೇ ಹೋದಳು.

ಈಗ ನನಗೆ ವಯಸ್ಸಾಗಿದೆ. ಕಂಠ ಮುಕ್ಕಾಗಿದೆ, ಸೀಳಿಗೆ ಮಣ್ಣು ಮೆತ್ತಿದ್ದಾರೆ. ಗುರಸಿದ್ಧಪ್ಪ ಇಲ್ಲ. ಅಂದಿನ ಕೂಸು ರೋಹಿಣಿ ಈಗ ತಾನೇ ಬಾಣಂತಿ. ತವರಿನ ಸ್ಲ್ಯಾಬಿನ ಮನೆ ಬೇಡವೆಂದು ಹಟ ಹಿಡಿದು, ತಾಯಿ ಭುವನಾಳನ್ನೂ ಕರೆದುಕೊಂಡು ಈ ಮನೆಗೇ ಬಂದಿದ್ದಾಳೆ. ಕಣ್ಣು ಮಂಜಾದ ನೀಲಗಂಗವ್ವ ಮಾಳಿಗೆ ಹತ್ತಲಾರಳು. ಹೊತ್ತು ಮುಳುಗಿತೆಂದರೆ ಮೂಲೆಯಿಂದ ಅವಳ ದನಿ ಏಳುತ್ತದೆ:

“ಗಡಿಗಿ ಬಾಯಿ ತಗದ್ರೇನ? ಕೂಸಿಗೆ ಕಾವ ಹತ್ತೀತು!”

“ತಗದೀನಿ ಯವ್ವಾ!” ಎಂದು ಮೇಲಿಂದ ಕೂಗುತ್ತಾಳೆ ಭುವನಾ.

ಕಲ್ಲು ಸರಿಯುತ್ತದೆ. ಕೆಳಗೆ ಕೂಸು ಅಳು ನಿಲ್ಲಿಸಿ, ಕಣ್ಣರಳಿಸಿ ನನ್ನನ್ನೇ ನೋಡುತ್ತದೆ. ತಳವಿದ್ದಿದ್ದರೆ ಈ ಮುಖ ನನಗೆಲ್ಲಿ ಕಾಣುತ್ತಿತ್ತು?