ಗುರುನಾಥನ ಗೇಣು

ಮಲಗುವ ಕೋಣೆಯ ದೀಪ ಒಂದು ವಾರದಿಂದ ಮಿಣುಕುತ್ತಿತ್ತು. ಬಲ್ಬು ಬದಲಾಯಿಸಿದರೂ ನಿಲ್ಲಲಿಲ್ಲ. ಶನಿವಾರ ಮುಂಜಾನೆ ಸುಟ್ಟ ರಬ್ಬರಿನ ವಾಸನೆ ಬಂದಾಗ ಮನೀಷಾ ಓಡಿಹೋಗಿ ಮೇನ್ ಸ್ವಿಚ್ಚು ಇಳಿಸಿದಳು. ಆಮೇಲೆ ಗೋಡೆಗೆ ಮೂಗು ಹಚ್ಚಿ ಈ ತುದಿಯಿಂದ ಆ ತುದಿಗೆ ನಡೆದಳು. ವಾಸನೆ ಎಲ್ಲ ಕಡೆ ಒಂದೇ ಸಮನಾಗಿತ್ತು.

ಬಸವಕಲ್ಯಾಣದ ಈ ಎರಡು ಕೋಣೆಗಳ ಮನೆಗೆ ವೈರಿಂಗ್ ಮಾಡಿದವನು ಅವಳ ಗಂಡ ಗುರುನಾಥನೇ. ಕಸುಬಿನಿಂದ ವೈರಮನ್. ಮೂರು ವರ್ಷಗಳ ಹಿಂದೆ ಹುಮನಾಬಾದಿನ ಅಂಗಡಿಯೊಂದರಲ್ಲಿ ಕೆಲಸ ಹಿಡಿದ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ. ಈಗ ಎರಡು ವರ್ಷಗಳಿಂದ ಬಂದಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ಕೇಳಿದವರಿಗೆ ಹೇಳಲು ಒಂದು ಮಾತಾದರೂ ಇರುತ್ತಿತ್ತು ಎಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಮುದ್ರೆ ಒತ್ತುತ್ತ ಅವಳು ಯೋಚಿಸುವುದಿತ್ತು.

ಕರೆಸಿದ್ದು ಓಣಿಯ ಹಿರಿಯ ಮಿಸ್ತ್ರಿ ಶಂಶುದ್ದೀನ್ ಚಾಚಾನನ್ನು. ಅವನು ಮೇನ್ ಸ್ವಿಚ್ಚನ್ನು ಕ್ಷಣ ಏರಿಸಿ, ಟೆಸ್ಟರ್ ಹಿಡಿದು ನೋಡಿ, ಮತ್ತೆ ಇಳಿಸಿದ.

"ಕರಂಟ್ ಬೋರ್ಡಿನ ತನಕ ಬರಾಕತ್ತದ ಬಾಯಿ. ಮುಂದ ದೀಪಕ್ಕ ಸರಿಯಾಗಿ ಹೋಗವಲ್ದು. ನಡುವ ಎಲ್ಲೋ ವೈರಿನ ಜೋಡ ಸಡಲ ಆಗ್ಯಾದ. ಜೋಡಿನ ಡಬ್ಬಿ ಎಲ್ಲಿ ಅದ?"

"ಗ್ವಾಡಿ ಒಳಗ ಅದ್ರಿ. ಮ್ಯಾಲೆ ಸಿಮೆಂಟಿನ ಗಿಲಾವ್ ಆಗ್ಯಾದ."

ಚಾಚಾ ಟೆಸ್ಟರನ್ನು ಕಿಸೆಗೆ ಇಳಿಸಿದ. "ನಿಜಾಮನ ಖಜಾನಾ ಹೂತಂಗ ಹೂತಿಟ್ಟಾನಲ್ಲ ನಿನ್ನ ಗಂಡ. ಜೋಡ ಇದ್ದಲ್ಲಿ ಮುಚ್ಚಳ ಕಣ್ಣಿಗಿ ಕಾಣಬೇಕು, ಬಿಚ್ಚಾಕ ಬರಬೇಕು. ವೈರಮನ್ ಆಗಿ ಇಷ್ಟು ತಿಳೀಲಿಲ್ಲೇನು ಅವಗ?"

ಗುರುನಾಥನಿಗೆ ತಿಳಿದಿತ್ತು. ಹೊಸ ಮನೆಯ ಶಾಂತಿಯ ಮುನ್ನಾದಿನ, ನೆಂಟರೆದುರು ಮುಚ್ಚಳಗಳು ಗೋಡೆಗೆ ತೇಪೆ ಹಚ್ಚಿದಂತೆ ಕಾಣುತ್ತವೆ ಎಂದು ಹಟ ಹಿಡಿದವಳು ಮನೀಷಾಳೇ. ಗುರುನಾಥ ನಕ್ಕು ಐದೂ ಡಬ್ಬಿಗಳ ಮೇಲೆ ಗಿಲಾವು ಮಾಡಿದ್ದ. "ಎಲ್ಲಿ ಅವ ಅಂತ ನನಗ ಗೊತ್ತದ. ನಾ ಎಲ್ಲಿ ಹೋಗ್ತೀನಿ?" ಎಂದಿದ್ದ.

ಗುರುನಾಥನಿಗೆ ಫೋನು ಮಾಡುವ ಮುನ್ನ ಆಡಬೇಕಾದ ಮಾತನ್ನು ಮೂರು ಸಲ ಮನಸ್ಸಿನಲ್ಲೇ ತಿದ್ದಿಕೊಂಡಳು.

"ದೀಪ ಕೆಟ್ಟದ. ಡಬ್ಬಿ ಎಲ್ಲಿ ಅದ ಅಂತ ಚಾಚಾ ಕೇಳಾಕತ್ತಾರ."

ಅತ್ತಲಿಂದ ಅವನು ಅಳತೆ ಹೇಳಿದ: "ಬಾಗಲ ಚೌಕಟ್ಟಿನಿಂದ ಏಳು ಗೇಣು. ಛತ್ತಿನಿಂದ ಎರಡು."

ಚಾಚಾ ತನ್ನ ಕೈಯಿಂದ ಅಳೆದು ಉಳಿ ಹೊಡೆದ. ಇಟ್ಟಿಗೆ. ಮನೀಷಾ ಸ್ಟೂಲು ಹತ್ತಿ ತನ್ನ ಕೈಯಿಂದ ಅಳೆದಳು. ಅಲ್ಲಿಯೂ ಇಟ್ಟಿಗೆ.

"ಟೇಪ್ ಬಿಟ್ಟು ಗೇಣಿಲೆ ಅಳದಾನ, ಶ್ಯಾಣ್ಯಾ," ಎಂದ ಚಾಚಾ. "ಅವನ ಕೈ ಎಷ್ಟು ದೊಡ್ಡದದ ಬಾಯಿ?"

ಮನೀಷಾ ತನ್ನ ಅಂಗೈಯನ್ನು ಅಗಲಿಸಿ ನೋಡಿಕೊಂಡಳು. ಹನ್ನೊಂದು ವರ್ಷಗಳ ಸಂಸಾರ. ಈ ಪ್ರಶ್ನೆಗೆ ಉತ್ತರ ಗೊತ್ತಿರಬೇಕಿತ್ತು. ಎಷ್ಟು ನೆನೆದರೂ ಆ ಕೈಯ ಅಳತೆ ಕಣ್ಣೆದುರು ನಿಲ್ಲಲಿಲ್ಲ.

"ಗೊತ್ತಿಲ್ರಿ," ಎಂದಳು.

ಅವಳು ಮತ್ತೆ ಫೋನು ಮಾಡಿದ್ದಕ್ಕೆ ಭಾನುವಾರ ಮಧ್ಯಾಹ್ನ ಹುಮನಾಬಾದಿನ ಬಸ್ಸಿಗೆ ಗುರುನಾಥ ಬಂದ. ಪರವೂರಿನವನಂತೆ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಅವಳು ಒಳಗೆ ಕರೆಯುವವರೆಗೂ ನಿಂತಿದ್ದ. ಚೌಕಟ್ಟಿಗೆ ಹೆಬ್ಬೆರಳು ಊರಿ, ಗೋಡೆಯ ಮೇಲೆ ಕೈಯನ್ನು ಹುಳದಂತೆ ನಡೆಸಿ, ಏಳನೆಯ ಗೇಣಿಗೆ ನಿಂತು ಬಡಿದ. ಪೊಳ್ಳು ಸದ್ದು ಬಂತು. ಉಳಿಯ ಎರಡೇ ಏಟಿಗೆ ಡಬ್ಬಿ ಕಂಡಿತು. ಒಳಗೆ ತಂತಿಗೆ ಸುತ್ತಿದ್ದ ಟೇಪು ಸುಟ್ಟು ಕರಕಾಗಿ ಉದುರಿತು.

"ಮನಿ ಸುಡ್ತಿತ್ತು," ಎಂದ ಅವನ ಜತೆ ಕೆಲಸಕ್ಕೆ ನಿಂತಿದ್ದ ಚಾಚಾ, ಯಾರ ಮುಖವನ್ನೂ ನೋಡದೆ.

ಗುರುನಾಥ ತಂತಿ ಕತ್ತರಿಸಿ, ಹೊಸ ಕನೆಕ್ಟರ್ ಬಿಗಿದ. "ಮ್ಯಾಲೆ ಮತ್ತ ಗಿಲಾವ್ ಮಾಡಿಬಿಡ್ತೀನಿ. ಗುರ್ತು ಸೈತ ಸಿಗಂಗಿಲ್ಲ. ಏನಾರ ಆದ್ರ ಫೋನ್ ಮಾಡು, ಬರ್ತೀನಿ."

ಬರ್ತೀನಿ. ಆ ಮಾತನ್ನು ಅವಳು ಎರಡು ವರ್ಷಗಳಿಂದ ಕೇಳಿರಲಿಲ್ಲ. ಡಬ್ಬಿಗಳು ಗೋಡೆಯೊಳಗೇ ಇದ್ದರೆ ಇವನು ಬರಲೇಬೇಕು. ಇನ್ನಾರ ಕೈಗೂ ಅವು ಸಿಗುವುದಿಲ್ಲ. ಹೊರಗೆ ಬಂದರೆ ಇವನನ್ನು ಕರೆಯಲು ಈ ಮನೆಯಲ್ಲಿ ಬೇರೆ ನೆವ ಉಳಿಯುವುದಿಲ್ಲ. ಕರಕಾದ ಟೇಪಿನ ಚೂರುಗಳು ಅವಳ ಹಾಸಿಗೆಯ ಮೇಲೆ ಬಿದ್ದಿದ್ದವು.

"ಬ್ಯಾಡ. ಉಳಿದವೂ ತೋರ್ಸು. ಎಲ್ಲಾ ಹೊರಗ ಇರಲಿ," ಎಂದಳು.

ಅವನು ಅವಳನ್ನೇ ನೋಡಿದ. ಆಮೇಲೆ ಚಾಚಾನ ಪೆನ್ಸಿಲು ಇಸಿದುಕೊಂಡು, ಅಳೆದು, ಗೋಡೆಯ ಮೇಲೆ ಒಂದೊಂದೇ ದುಂಡು ಗುರುತು ಹಾಕುತ್ತ ಹೋದ. ಮೂರು ಗುರುತುಗಳಾದ ಮೇಲೆ ಕೈ ಕೊಡವಿಕೊಂಡ.

"ಮುಗೀತೇನಪಾ?" ಎಂದ ಚಾಚಾ.

ಗುರುನಾಥ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ.

"ಇನ್ನೊಂದದ," ಎಂದಳು ಮನೀಷಾ ಮೆಲ್ಲಗೆ.

ಗುರುನಾಥ ಅಡುಗೆಮನೆಗೆ ಹೋದ. ಹಲಗೆಯ ಮೇಲಿನ ಬೇಳೆಕಾಳಿನ ಡಬ್ಬಗಳನ್ನು ತಾನೇ ಸರಿಸಿ, ಹಿಂದಿನ ಗೋಡೆಯನ್ನು ಅಳೆಯದೆಯೇ ಗುರುತು ಹಾಕಿದ. ಅದನ್ನು ಅವನು ಮರೆತಿರಲಿಲ್ಲ ಎಂದು ಅವಳಿಗೆ ತಿಳಿಯಿತು. ಯಾಕೆ ಮುಚ್ಚಿಟ್ಟೆ ಎಂದು ಅವಳು ಕೇಳಲಿಲ್ಲ.

ಚಹಾ ಕುಡಿದು ಎದ್ದಾಗ ಅವನು ಕೇಳಿದ, "ಇನ್ನ ನನ್ನ ಕೆಲಸ ಇಲ್ಲಲ್ಲ?"

"ಇಲ್ಲ," ಎಂದಳು. ಅದಕ್ಕೆ ಜೋಡಿಸಲು ಇನ್ನೊಂದು ಮಾತು ಹುಡುಕುತ್ತಿರುವಾಗಲೇ ಅವನು ಅಂಗಳಕ್ಕಿಳಿದಿದ್ದ.

ಸಂಜೆಯ ಹೊತ್ತಿಗೆ ಚಾಚಾ ಕೊನೆಯ ಬಿಳಿ ಮುಚ್ಚಳದ ಸ್ಕ್ರೂ ತಿರುಗಿಸಿದ. "ಇನ್ನ ಯಾರ ಬೇಕಾದ್ರೂ ಬಿಚ್ಚಬಹುದು ನೋಡು ಬಾಯಿ."

"ಹೌದ್ರಿ," ಎಂದಳು ಮನೀಷಾ. ಚಾಚಾ ಹೋದ ಮೇಲೆ ಮೇನ್ ಸ್ವಿಚ್ಚು ಏರಿಸಿ, ಎರಡೂ ಕೋಣೆಗಳ ದೀಪ ಹಚ್ಚಿ, ಹಾಸಿಗೆಯ ಮೇಲೆ ಕೂತಳು. ಎಷ್ಟು ಹೊತ್ತು ನೋಡಿದರೂ ಯಾವ ದೀಪವೂ ಮಿಣುಕಲಿಲ್ಲ.